ಆಶ್ರಯ ಬೇಡಿ ಬಂದವರಿಗೆ ಮನೆಯಲ್ಲೊಂದು ಕೋಣೆ: ಇಂಗ್ಲೆಂಡಿನ ಕ್ರೈಸ್ತ ಸಹಜೀವನದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಐದಾರು ಜನ ಕ್ರೈಸ್ತರು ಒಂದೇ ಮನೆಯಲ್ಲಿ ಒಂದೇ ಅಡುಗೆ, ಒಂದೇ ಪ್ರಾರ್ಥನೆಯ ವೇಳೆ, ಒಂದೇ ಖರ್ಚಿನ ಡಬ್ಬಿ ಇಟ್ಟುಕೊಂಡು ಬದುಕುವ ಪದ್ಧತಿ ಇಂಗ್ಲೆಂಡಿನಲ್ಲಿ ಹೊಸದೇನಲ್ಲ. 1933ರಲ್ಲಿ ನ್ಯೂಯಾರ್ಕಿನಲ್ಲಿ ಡೊರೊಥಿ ಡೇ ಮತ್ತು ಪೀಟರ್ ಮೋರಿನ್ ಆರಂಭಿಸಿದ ಕ್ಯಾಥೊಲಿಕ್ ವರ್ಕರ್ ಚಳವಳಿಯ ಪ್ರಭಾವದಿಂದ ಹುಟ್ಟಿದ ಅತಿಥಿಸತ್ಕಾರದ ಮನೆಗಳು ಲಂಡನ್ನಿನಲ್ಲಿಯೂ ಇವೆ. ಯಾವ ಚಳವಳಿಯ ಹೆಸರೂ ಇಲ್ಲದೆ, ಒಂದು ಚರ್ಚಿನ ನಾಲ್ಕು ಮಂದಿ ಸೇರಿ ಬಾಡಿಗೆ ಹಿಡಿದ ಮನೆಗಳೂ ಇವೆ. ಉತ್ತರ ಇಂಗ್ಲೆಂಡಿನ ಅಂಥದ್ದೊಂದು ಮನೆಯಲ್ಲಿ ನಾನು ಕೆಲವು ವರ್ಷ ಇದ್ದೆ. ಮಂಗಳೂರಿನಿಂದ ಓದಲು ಹೋದವನಿಗೆ ಆ ಮನೆಯಲ್ಲಿ ದೊರೆತದ್ದು ಅಗ್ಗದ ಕೋಣೆ ಮಾತ್ರವಲ್ಲ, ಆಶ್ರಯ ಬೇಡಿ ಬಂದವರೊಡನೆ ಒಂದೇ ಮೇಜಿನಲ್ಲಿ ಉಣ್ಣುವ ಅಭ್ಯಾಸವೂ ಹೌದು. ಬ್ರಿಟನ್ನಿನಲ್ಲಿ ನರ್ಸುಗಳಾಗಿ, ಎಂಜಿನಿಯರುಗಳಾಗಿ ನೆಲೆಸಿ ಅಲ್ಲಿಯ ಚರ್ಚುಗಳಲ್ಲಿ ಕೂರುವ ಕನ್ನಡಿಗರು ಈಗ ಹಲವರಿದ್ದಾರೆ. ಅಂಥವರಲ್ಲಿ ಯಾರಿಗಾದರೂ ಮನೆಯ ಒಂದು ಕೋಣೆಯನ್ನು ಬಿಟ್ಟುಕೊಡುವ ಮನಸ್ಸಾದರೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಕಾನೂನು ಮುಖ್ಯವಾಗಿ ಇಂಗ್ಲೆಂಡಿನದು ಮತ್ತು 2025ರ ಆರಂಭದ ಸ್ಥಿತಿಯದು. ಈ ಕ್ಷೇತ್ರದಲ್ಲಿ ನಿಯಮಗಳು ಮೇಲಿಂದ ಮೇಲೆ ಬದಲಾಗುವುದರಿಂದ, ಯಾವುದೇ ಹೆಜ್ಜೆ ಇಡುವ ಮುನ್ನ ಅಂದಿನ ನಿಯಮವನ್ನು ಪರವಾನಗಿಯುಳ್ಳ ಸಲಹೆಗಾರರಲ್ಲಿ ಖಚಿತಪಡಿಸಿಕೊಳ್ಳಬೇಕು.

ಪದಗಳ ಬಗ್ಗೆ ಒಂದು ಮಾತು. 1951ರ ನಿರಾಶ್ರಿತರ ಒಪ್ಪಂದದಡಿ ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರನ್ನು ಇಲ್ಲಿ ಆಶ್ರಯಾರ್ಥಿ ಎಂದೂ, ಅರ್ಜಿ ಮಂಜೂರಾದವರನ್ನು ನಿರಾಶ್ರಿತ ಎಂದೂ ಕರೆದಿದ್ದೇನೆ. ನಮ್ಮ ಕನ್ನಡ ಬೈಬಲಿನಲ್ಲಿ ಇಬ್ಬರಿಗೂ ಇರುವ ಮಾತು ಪರದೇಶಿ. ಆದರೆ ಊರಿನ ಕಡೆ ಅದೇ ಮಾತು ದಿಕ್ಕಿಲ್ಲದವನು ಎಂಬ ಅರ್ಥದಲ್ಲಿ, ಒಮ್ಮೊಮ್ಮೆ ಬೈಗುಳವಾಗಿಯೂ ಬಳಕೆಯಾಗುತ್ತದೆ. ಮನೆಗೆ ಬಂದವರನ್ನು ಮೊದಲನೆಯ ಅರ್ಥದಲ್ಲಿ ಕರೆದು ಎರಡನೆಯ ಅರ್ಥದಲ್ಲಿ ನಡೆಸಿಕೊಳ್ಳುವ ಅಪಾಯ ನಮ್ಮಂಥ ಮನೆಗಳಲ್ಲಿ ಸದಾ ಇರುತ್ತದೆ.

ಮೊದಲ ಹಂತ: ಮನೆಯವರ ಒಪ್ಪಿಗೆ

ಮನೆಯಲ್ಲಿರುವ ಪ್ರತಿಯೊಬ್ಬರೂ ಬಾಯಿಬಿಟ್ಟು ಒಪ್ಪಬೇಕು. ಪ್ರಾರ್ಥನೆಯ ಕೊನೆಯಲ್ಲಿ ಒಬ್ಬರು ಭಾವಪೂರ್ಣವಾಗಿ ಪ್ರಸ್ತಾಪಿಸಿದಾಗ ಬೇಡವೆನ್ನುವುದು ಕಷ್ಟ. ಆದ್ದರಿಂದ ನಿರ್ಧಾರವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮಾಡದೆ, ಒಂದು ವಾರ ಬಿಟ್ಟು, ಹಗಲಿನಲ್ಲಿ ಚಹಾ ಕುಡಿಯುತ್ತ ಮಾಡುವುದು ಒಳ್ಳೆಯದು. ಒಬ್ಬರು ಬೇಡವೆಂದರೂ ಆ ಬಾರಿಗೆ ಬೇಡ. ಒಪ್ಪಿಗೆಯಾದ ಮೇಲೆ ಅವಧಿಯನ್ನು ಬರೆದಿಡಬೇಕು. ಆಶ್ರಯದ ಅರ್ಜಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುವುದರಿಂದ, ಮುಗಿಯುವ ತನಕ ಇರಲಿ ಎನ್ನುವ ಮಾತು ಕೇಳಲು ಉದಾರವಾಗಿದ್ದರೂ ನಡೆಸಲು ಆಗದ ಮಾತು. ಮೂರು ತಿಂಗಳಿಗೆಂದು ಆರಂಭಿಸಿ, ಎರಡನೆಯ ತಿಂಗಳ ಕೊನೆಯಲ್ಲಿ ಅತಿಥಿಯೊಡನೆ ಕೂತು ಮುಂದಿನ ಮೂರು ತಿಂಗಳ ಮಾತಾಡುವ ಕ್ರಮವನ್ನು ನಾವು ಇಟ್ಟುಕೊಂಡಿದ್ದೆವು.

ಅತಿಥಿಯನ್ನು ನೀವೇ ಹುಡುಕಿಕೊಂಡು ಹೋಗಬೇಡಿ. ನಾಕಾಮ್ ಎಂಬ ಜಾಲದ ಸದಸ್ಯ ಸಂಸ್ಥೆಗಳು, ಜೆಸ್ಯೂಟ್ ರೆಫ್ಯೂಜಿ ಸರ್ವಿಸ್, ರೆಫ್ಯೂಜೀಸ್ ಅಟ್ ಹೋಮ್ ಮುಂತಾದವು ಮನೆಯವರನ್ನೂ ಅತಿಥಿಯನ್ನೂ ಮೊದಲೇ ಮಾತಾಡಿಸಿ, ಹೊಂದಿಕೆ ನೋಡಿ, ಸಂಬಂಧ ಕೆಟ್ಟರೆ ಅತಿಥಿಗೆ ಬೇರೆ ಜಾಗ ಹುಡುಕಲು ನೆರವಾಗುತ್ತವೆ. ಈ ಕೊನೆಯ ಅಂಶ ಬಹಳ ಮುಖ್ಯ. ಮಧ್ಯದಲ್ಲಿ ಸಂಸ್ಥೆಯೊಂದು ಇಲ್ಲದಿದ್ದರೆ, ಹೊಂದಿಕೆಯಾಗದ ಅತಿಥಿಗೆ ನಿಮ್ಮ ಮನೆ ಬಿಟ್ಟರೆ ಬೀದಿಯೊಂದೇ ಉಳಿಯುತ್ತದೆ, ಆಗ ಯಾರೂ ನಿಜ ಹೇಳುವುದಿಲ್ಲ. ಸಂಸ್ಥೆಯವರು ನಿಮ್ಮ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ, ಅಪರಾಧದ ದಾಖಲೆ ಇದೆಯೇ ಎಂದು ತಿಳಿಸುವ ಡಿಬಿಎಸ್ ಪ್ರಮಾಣಪತ್ರ ಕೇಳಬಹುದು. ಇದಕ್ಕೆ ಬೇಸರಿಸಬಾರದು, ಅಪರಿಚಿತರ ಮನೆಯಲ್ಲಿ ಮಲಗಬೇಕಾದವರು ಅವರು, ನಾವಲ್ಲ.

ಮನೆ ಬಾಡಿಗೆಯದಾದರೆ ಮಾಲೀಕರ ಲಿಖಿತ ಅನುಮತಿ ಬೇಕು. ಸಾಲದ ಮನೆಯಾದರೆ ಬ್ಯಾಂಕಿಗೂ ವಿಮಾ ಕಂಪನಿಗೂ ತಿಳಿಸಬೇಕು. 2014ರ ವಲಸೆ ಕಾಯ್ದೆಯು ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಡುವವರ ಮೇಲೆ ಬಾಡಿಗೆದಾರರ ವಲಸೆ ಸ್ಥಿತಿಯನ್ನು ಪರಿಶೀಲಿಸುವ ಹೊಣೆ ಹೊರಿಸಿದೆ. ಆ ಹೊಣೆ ಬಾಡಿಗೆ ಪಡೆಯುವ ವ್ಯವಸ್ಥೆಗೆ ಸಂಬಂಧಿಸಿದ್ದು, ಹಣ ಪಡೆಯದೆ ಅತಿಥಿಯಾಗಿ ಇಟ್ಟುಕೊಳ್ಳುವುದಕ್ಕಲ್ಲ. ಆದ್ದರಿಂದ ಅತಿಥಿ ಸಂಕೋಚದಿಂದ ವಾರಕ್ಕೆ ಹತ್ತು ಪೌಂಡ್ ಕೊಡಲು ಬಂದರೂ ತೆಗೆದುಕೊಳ್ಳಬಾರದು. ಬಾಡಿಗೆಯ ಬದಲಿಗೆ ತೋಟದ ಕೆಲಸವೋ ಮಗು ನೋಡಿಕೊಳ್ಳುವುದೋ ಎಂಬ ಏರ್ಪಾಡು ಇನ್ನೂ ಕೆಟ್ಟದ್ದು, ಏಕೆಂದರೆ ಅದು ಅನುಮತಿಯಿಲ್ಲದ ಕೆಲಸವೆಂದು ಎಣಿಕೆಯಾಗಬಹುದು. ಎಲ್ಲರಂತೆ ಪಾಳಿಯಲ್ಲಿ ಪಾತ್ರೆ ತೊಳೆಯುವುದು ಬೇರೆ ಮಾತು.

ಎರಡನೆಯ ಹಂತ: ಅವರು ಪ್ರಕ್ರಿಯೆಯ ಯಾವ ಮೆಟ್ಟಿಲಿನಲ್ಲಿದ್ದಾರೆ ಎಂದು ತಿಳಿಯುವುದು

ಒಳ್ಳೆಯ ಉದ್ದೇಶದ ಮನೆಗಳು ಹೆಚ್ಚು ಹಾನಿ ಮಾಡುವುದು ಇಲ್ಲಿ. 1999ರ ವಲಸೆ ಮತ್ತು ಆಶ್ರಯ ಕಾಯ್ದೆಯಡಿ, ಅರ್ಜಿ ಬಾಕಿಯಿರುವ ನಿರ್ಗತಿಕರಿಗೆ ಸೆಕ್ಷನ್ 95ರಂತೆ ವಸತಿ ಮತ್ತು ಅಲ್ಪ ಭತ್ಯೆ ದೊರೆಯುತ್ತದೆ. ಸ್ವಂತ ಅಡುಗೆ ಮಾಡಿಕೊಳ್ಳುವವರಿಗೆ ಆ ಭತ್ಯೆ 2024ರಲ್ಲಿ ವಾರಕ್ಕೆ 49.18 ಪೌಂಡ್ ಆಗಿತ್ತು ಮತ್ತು ಆಸ್ಪೆನ್ ಎಂಬ ಕಾರ್ಡಿಗೆ ಜಮೆಯಾಗುತ್ತಿತ್ತು. ವಸತಿ ಬೇಡ, ಭತ್ಯೆ ಮಾತ್ರ ಸಾಕು ಎಂದು ಕೇಳಲೂ ಅವಕಾಶವಿದೆ, ಅಂದರೆ ನಿಮ್ಮ ಮನೆಯಲ್ಲಿದ್ದುಕೊಂಡೇ ಅವರು ಭತ್ಯೆ ಪಡೆಯಬಹುದು. ಆದರೆ ಆ ಅರ್ಜಿಯೊಡನೆ ಮನೆಯವರ ಪತ್ರವನ್ನು ಕೇಳುತ್ತಾರೆ. ಅದರಲ್ಲಿ ನೀವು ಉತ್ಸಾಹದಿಂದ, ಇವರ ಎಲ್ಲ ಅಗತ್ಯಗಳನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದು ಬರೆದರೆ, ಇವರು ನಿರ್ಗತಿಕರಲ್ಲ ಎಂಬ ಕಾರಣಕ್ಕೆ ಭತ್ಯೆ ನಿರಾಕರಣೆಯಾಗಬಹುದು. ಕೋಣೆ ಕೊಡುತ್ತೇವೆ, ಇಂತಿಷ್ಟು ದಿನಕ್ಕೆ ಕೊಡುತ್ತೇವೆ, ಊಟ ಬಟ್ಟೆ ಪ್ರಯಾಣದ ಖರ್ಚನ್ನು ಭರಿಸುವ ಹೊಣೆ ಹೊರಲಾರೆವು ಎಂಬುದು ನಿಜವಾದರೆ ಅಷ್ಟನ್ನೇ ಬರೆಯಬೇಕು. ನಿರಾಕರಣೆಯಾದರೆ ಮೇಲ್ಮನವಿಗೆ ಸಿಗುವುದು ಮೂರೇ ಕೆಲಸದ ದಿನ. ಆ ಮೇಲ್ಮನವಿಗಳಲ್ಲಿ ಉಚಿತವಾಗಿ ವಾದಿಸುವ ಅಸೈಲಮ್ ಸಪೋರ್ಟ್ ಅಪೀಲ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಸಂಖ್ಯೆಯನ್ನು ಮೊದಲೇ ಗೋಡೆಗೆ ಅಂಟಿಸಿಡಬಹುದು.

ಈಗಾಗಲೇ ಹೋಮ್ ಆಫೀಸಿನ, ಅಂದರೆ ಬ್ರಿಟನ್ನಿನ ಗೃಹ ಇಲಾಖೆಯ, ವಸತಿಯಲ್ಲಿ ಇರುವವರನ್ನು, ಅಲ್ಲಿನ ಹೋಟೆಲ್ ಕೋಣೆ ನೋಡಿ ಮರುಗಿ, ಅವಸರದಿಂದ ನಿಮ್ಮ ಮನೆಗೆ ಕರೆದುಕೊಂಡು ಬರಬಾರದು. ಬಿಟ್ಟ ಜಾಗ ಮತ್ತೆ ಅಲ್ಲೇ ಸಿಗುತ್ತದೆಂಬ ಭರವಸೆಯಿಲ್ಲ. ಊಟಕ್ಕೆ ಕರೆಯಿರಿ, ಭಾನುವಾರ ಇಟ್ಟುಕೊಳ್ಳಿ, ಅಷ್ಟು ಸಾಕು.

ಕೋಣೆಯ ನಿಜವಾದ ಅಗತ್ಯ ಇಬ್ಬರಿಗೆ. ಮೊದಲನೆಯವರು ಅರ್ಜಿ ಮತ್ತು ಮೇಲ್ಮನವಿ ಎರಡೂ ತಿರಸ್ಕೃತವಾಗಿ, ಬೆಂಬಲ ನಿಂತುಹೋದವರು. ಇವರಲ್ಲಿ ಕೆಲವರಿಗೆ, ಉದಾಹರಣೆಗೆ ಹೊಸ ಪುರಾವೆ ಸಲ್ಲಿಸಿ ಉತ್ತರಕ್ಕೆ ಕಾಯುತ್ತಿರುವವರಿಗೆ, ಅದೇ ಕಾಯ್ದೆಯ ಸೆಕ್ಷನ್ 4ರ ನೆರವು ಸಿಗಬಹುದು. ಆದರೆ ಸೆಕ್ಷನ್ 95ರಲ್ಲಿ ಆಗುವ ಹಾಗೆ ಇದರಲ್ಲಿ ಭತ್ಯೆಯನ್ನಷ್ಟೇ ಪಡೆಯಲು ಬರುವುದಿಲ್ಲ, ಸರಕಾರ ಕೊಡುವ ವಸತಿಗೇ ಹೋಗಬೇಕು. ಎರಡನೆಯವರು ಈಗಷ್ಟೇ ಮಂಜೂರಾತಿ ಪಡೆದವರು. ಗೆದ್ದವರಿಗೆ ಏಕೆ ಕೋಣೆ ಎಂದು ಕೇಳಬಹುದು. ಮಂಜೂರಾತಿಯ ನಂತರ ಸಾಮಾನ್ಯವಾಗಿ 28 ದಿನಗಳಲ್ಲಿ ಸರಕಾರಿ ವಸತಿಯನ್ನು ಖಾಲಿ ಮಾಡಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಇದನ್ನು ಪ್ರಾಯೋಗಿಕವಾಗಿ 56 ದಿನಗಳಿಗೆ ಏರಿಸಲಾಗಿತ್ತು. ಕಡಿಮೆ ಆದಾಯದವರಿಗೆ ಸರಕಾರ ಕೊಡುವ ಭತ್ಯೆಯಾದ ಯೂನಿವರ್ಸಲ್ ಕ್ರೆಡಿಟ್‌ನ ಮೊದಲ ಕಂತು ಕೈಗೆ ಬರಲು ಐದು ವಾರ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ: 28 ದಿನವೆಂದರೆ ನಾಲ್ಕು ವಾರ. ಹೀಗೆ ಗೆದ್ದ ತಿಂಗಳಲ್ಲೇ ಬೀದಿಗೆ ಬಿದ್ದವರನ್ನು ನಾನು ನೋಡಿದ್ದೇನೆ.

ಮೂರನೆಯ ಹಂತ: ಕೋಣೆ, ಕೀಲಿ, ಮೊದಲ ವಾರ

ಬಂದ ದಿನವೇ ಮುಂಬಾಗಿಲಿನ ಕೀಲಿಕೈ ಕೊಡಿ, ಕೋಣೆಗೆ ಒಳಗಿನಿಂದ ಹಾಕುವ ಚಿಲಕವಿರಲಿ. ಫ್ರಿಜ್ಜಿನಲ್ಲಿ ಅವರ ಹೆಸರಿನ ಒಂದು ಅರೆ, ಪ್ರತ್ಯೇಕ ಬಾಣಲೆ ಒಂದು. ಮುಸ್ಲಿಮರಾದರೆ ಹಲಾಲ್ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಎರಿಟ್ರಿಯಾದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ, ಈಸ್ಟರ್‌ಗೆ ಮುಂಚೆ ಐವತ್ತೈದು ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ ಎಂಬುದು ಪ್ರಾಟೆಸ್ಟೆಂಟ್ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಅವರ ಇಂಜೆರಾ ನಮ್ಮ ಹುಳಿದೋಸೆಯ ಹತ್ತಿರದ ನೆಂಟ. ಹಿಟ್ಟು ಹುದುಗಲು ಇಟ್ಟ ಪಾತ್ರೆಯನ್ನು ಮನೆಯ ಇಂಗ್ಲಿಷರು ಹಾಳಾಯಿತೆಂದು ಚೆಲ್ಲದಂತೆ ತಡೆದದ್ದು ನಮ್ಮ ಮನೆಗೆ ನಾನು ಸಲ್ಲಿಸಿದ ಮೊದಲ ಸೇವೆ.

ಮೊದಲ ವಾರದಲ್ಲಿ ಮುಗಿಸಬೇಕಾದ ಹೊರಗಿನ ಕೆಲಸಗಳು ಕಡಿಮೆ. ಹತ್ತಿರದ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಬೇಕು. ಇದಕ್ಕೆ ವಿಳಾಸದ ಪುರಾವೆಯಾಗಲಿ ವಲಸೆ ಕಾಗದವಾಗಲಿ ಕಡ್ಡಾಯವಲ್ಲ, ಸ್ವಾಗತಕಾರರು ಕೇಳಿದರೆ ಸೌಜನ್ಯದಿಂದ ಹಾಗೆಂದು ಹೇಳಬಹುದು. ಔಷಧಿ, ಹಲ್ಲು, ಕಣ್ಣಿನ ಖರ್ಚಿಗೆ ಎಚ್‌ಸಿ2 ಪ್ರಮಾಣಪತ್ರ ಪಡೆಯಬೇಕು. ಇಂಗ್ಲೆಂಡಿನಲ್ಲಿ ಅರ್ಜಿ ಬಾಕಿಯಿರುವವರಿಗೆ ಆಸ್ಪತ್ರೆಯ ಚಿಕಿತ್ಸೆ ಉಚಿತ, ಆದರೆ ತಿರಸ್ಕೃತರಾಗಿ ಸರಕಾರಿ ಬೆಂಬಲವೂ ಇಲ್ಲದವರಿಗೆ ಕೆಲವು ಆಸ್ಪತ್ರೆ ಚಿಕಿತ್ಸೆಗಳಿಗೆ ಬಿಲ್ ಬರಬಹುದು.

ಅವರ ಕಥೆ ಕೇಳಬೇಡಿ. ಹೇಗೆ ಬಂದಿರಿ, ದೋಣಿಯಲ್ಲೋ ಲಾರಿಯಲ್ಲೋ, ಮನೆಯವರು ಎಲ್ಲಿದ್ದಾರೆ ಎಂಬ ಪ್ರಶ್ನೆಗಳನ್ನು ಅವರಿಗೆ ಈಗಾಗಲೇ ಅಧಿಕಾರಿಗಳು ಕೇಳಿದ್ದಾರೆ, ಮತ್ತೆ ಕೇಳಲಿದ್ದಾರೆ. ಊಟದ ಮೇಜು ಮೂರನೆಯ ವಿಚಾರಣೆಯ ಕೋಣೆಯಾಗಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಹೇಳಿದ್ದನ್ನು ಚರ್ಚಿನ ಪ್ರಾರ್ಥನಾ ವಿನಂತಿಗಳ ಪಟ್ಟಿಗೆ ಸೇರಿಸಬೇಡಿ.

ನಾಲ್ಕನೆಯ ಹಂತ: ಕಾಗದ

ಮನೆಯೊಂದು ಆಶ್ರಯಾರ್ಥಿಗೆ ಕೊಡಬಹುದಾದ ಅತಿ ದೊಡ್ಡ ನೆರವು ಅನ್ನವೂ ಅಲ್ಲ, ಸಾಂತ್ವನವೂ ಅಲ್ಲ, ಕಾಗದ ಕಳೆದುಹೋಗದ ಒಂದು ವಿಳಾಸ. ಸಂದರ್ಶನಕ್ಕೆ ಕರೆದ ಪತ್ರ ಸಿಗದೆ ಗೈರಾದರೆ ಅರ್ಜಿಯನ್ನೇ ಹಿಂತೆಗೆದುಕೊಂಡರೆಂದು ಪರಿಗಣಿಸಬಹುದು. ತಿರಸ್ಕಾರದ ವಿರುದ್ಧ ಮೊದಲ ಹಂತದ ಟ್ರಿಬ್ಯೂನಲ್ಲಿಗೆ ಮೇಲ್ಮನವಿ ಸಲ್ಲಿಸಲು, ದೇಶದೊಳಗೆ ಇರುವವರಿಗೆ, ತೀರ್ಮಾನವನ್ನು ಕಳುಹಿಸಿದ ದಿನದಿಂದ 14 ದಿನಗಳ ಗಡುವು ಇರುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಅಂಥ ಲಕೋಟೆಯೊಂದು ಪಿಜ್ಜಾ ಅಂಗಡಿಯ ಜಾಹೀರಾತುಗಳ ನಡುವೆ ಬಾಗಿಲ ಬಳಿಯ ಬುಟ್ಟಿಯಲ್ಲಿ ಒಂಬತ್ತು ದಿನ ಕೂತಿತ್ತು. ತಪ್ಪು ಯಾರದೂ ಅಲ್ಲ, ಎಲ್ಲರದೂ. ಉಳಿದ ಕೆಲವೇ ದಿನಗಳಲ್ಲಿ ಸಾಲಿಸಿಟರ್, ಅಂದರೆ ಪ್ರಕರಣ ನೋಡುವ ವಕೀಲರು, ಕೆಲಸ ಮುಗಿಸಿದರು, ಆದರೆ ಆ ವಾರ ಅತಿಥಿ ನಮ್ಮ ಮುಖ ನೋಡಲಿಲ್ಲ.

ಆ ಬಳಿಕ ನಾವು ಪಾಲಿಸಿದ ಕ್ರಮ ಹೀಗಿತ್ತು. ಅಂಚೆ ಬಿದ್ದ ಕೂಡಲೇ ಮನೆಯಲ್ಲಿದ್ದವರು ಅತಿಥಿಯ ಲಕೋಟೆಗಳನ್ನು ಒಡೆಯದೆ ಅವರ ಕೈಗೇ ಕೊಡುವುದು. ಅವರು ತೆರೆದು, ಬೇಕೆಂದರೆ ನಮ್ಮಿಂದ ಓದಿಸಿಕೊಂಡ ಮೇಲೆ, ಲಕೋಟೆಯ ಮೇಲಿನ ಅಂಚೆ ಮುದ್ರೆ ಸಮೇತ ಫೋಟೊ ತೆಗೆದು ಅಂದೇ ಸಾಲಿಸಿಟರಿಗೆ ಕಳುಹಿಸುವುದು. ಮೂಲ ಕಾಗದ ಅವರ ಕೋಣೆಯ ಕಡತದಲ್ಲಿ, ತಾರೀಕುಗಳು ಅವರ ಒಪ್ಪಿಗೆಯಿದ್ದರೆ ಮಾತ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ. ವಿಳಾಸ ಬದಲಾದದ್ದನ್ನು ಹೋಮ್ ಆಫೀಸಿಗೂ ಸಾಲಿಸಿಟರಿಗೂ ಪ್ರತ್ಯೇಕವಾಗಿ ತಿಳಿಸಬೇಕು. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ತಲುಪುತ್ತದೆ ಎಂದು ನಂಬಬಾರದು. ಅರ್ಜಿ ನೋಂದಣಿಯ ಗುರುತಿನ ಚೀಟಿಯಾದ ಆರ್ಕ್ ಕಾರ್ಡಿನ ಎರಡೂ ಬದಿಯ ನಕಲು ಕಡತದಲ್ಲಿರಲಿ.

ಇನ್ನು ಒಂದು ಗಡಿಯನ್ನು ಎಂದೂ ದಾಟಬಾರದು. ಬ್ರಿಟನ್ನಿನಲ್ಲಿ ಪರವಾನಗಿಯಿಲ್ಲದವರು ವಲಸೆ ಸಲಹೆ ನೀಡುವುದು 1999ರ ಅದೇ ಕಾಯ್ದೆಯಡಿ ಅಪರಾಧ, ಹಣ ಪಡೆಯದೆ ಕೊಟ್ಟರೂ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಈ ಕ್ಷೇತ್ರವನ್ನು ನಿಯಂತ್ರಿಸುವ ಕಚೇರಿಗೆ 2025ರ ಜನವರಿಯಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂದು ಹೆಸರಾಗಿದೆ. ಪತ್ರವನ್ನು ಓದಿ ಹೇಳಬಹುದು, ಬಸ್ಸಿನಲ್ಲಿ ಜೊತೆಗೆ ಹೋಗಬಹುದು, ಸಾಲಿಸಿಟರನ್ನು ಹುಡುಕಿ ಕೊಡಬಹುದು. ಅರ್ಜಿಯಲ್ಲಿ ಏನು ಬರೆಯಬೇಕು, ಯಾವ ಕಾರಣ ಮುಂದಿಡಬೇಕು ಎಂದು ಹೇಳಿಕೊಡಬಾರದು. ನಮ್ಮವರಿಗೆ ಇದು ಕಷ್ಟ. ವೀಸಾ ವಿಷಯದಲ್ಲಿ ಪ್ರತಿಯೊಬ್ಬ ಕನ್ನಡಿಗನೂ ತಾನೊಬ್ಬ ಅರ್ಧ ವಕೀಲನೆಂದೇ ತಿಳಿದಿರುತ್ತಾನೆ. ಆದಾಯವಿಲ್ಲದವರಿಗೆ ಆಶ್ರಯದ ಪ್ರಕರಣಗಳಲ್ಲಿ ಸರಕಾರಿ ಕಾನೂನು ನೆರವು ಲಭ್ಯ, ಆದರೆ ಅದನ್ನು ಒಪ್ಪಿಕೊಳ್ಳುವ ಸಾಲಿಸಿಟರುಗಳು ಕಡಿಮೆ. ಮೊದಲ ತಿಂಗಳಿಡೀ ಫೋನು ಮಾಡುವುದೇ ಮನೆಯವರ ಕೆಲಸವಾದರೂ ಆಶ್ಚರ್ಯವಿಲ್ಲ.

ಮುಖ್ಯ ಸಂದರ್ಶನದ ದಿನಕ್ಕೆ ಮುಂಚೆ, ಹೆಂಗಸಿಗೆ ಮಹಿಳಾ ಅಧಿಕಾರಿ ಮತ್ತು ಮಹಿಳಾ ದುಭಾಷಿ ಬೇಕೆನಿಸಿದರೆ ಹಾಗೆ ಕೇಳಬಹುದು ಎಂಬುದನ್ನು ಸಾಲಿಸಿಟರ್ ಮೂಲಕ ತಿಳಿಸಬೇಕು. ಭಾಷೆ ಮಾತ್ರವಲ್ಲ, ಉಪಭಾಷೆಯನ್ನೂ ನಮೂದಿಸಬೇಕು. ಧಾರವಾಡದ ಮಾತನ್ನು ಕುಂದಾಪುರದವರು ಬರೆದುಕೊಂಡರೆ ಏನಾದೀತೆಂದು ಊಹಿಸಿದರೆ ಇದರ ಮಹತ್ವ ಹೊಳೆಯುತ್ತದೆ. ಸಂದರ್ಶನದ ನಡಾವಳಿಯ ಪ್ರತಿ ಕೈಗೆ ಬಂದ ಕೂಡಲೇ ತಪ್ಪುಗಳನ್ನು ಸಾಲಿಸಿಟರ್ ಮುಖಾಂತರ ಬರಹದಲ್ಲಿ ತಿಳಿಸಬೇಕು, ಏಕೆಂದರೆ ತಿರಸ್ಕಾರದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು, ಮೊದಲ ವಿಚಾರಣೆಯಲ್ಲಿ ಹೀಗೆ ಹೇಳಿದಿರಿ, ಎರಡನೆಯದರಲ್ಲಿ ಹಾಗೆ ಹೇಳಿದಿರಿ ಎಂಬ ವಾದವೇ.

ಐದನೆಯ ಹಂತ: ಹಾಜರಿಯ ದಿನ

ಹಲವರು ವಾರಕ್ಕೋ ತಿಂಗಳಿಗೋ ಒಮ್ಮೆ ಹೋಮ್ ಆಫೀಸಿನ ಹಾಜರಿ ಕೇಂದ್ರಕ್ಕೆ ಹೋಗಿ ಸಹಿ ಮಾಡಬೇಕು. ಸಾಲ್ಫರ್ಡಿನ ಡಲ್ಲಾಸ್ ಕೋರ್ಟ್ ಅಂಥ ಒಂದು ಕೇಂದ್ರ. ಒಳಗೆ ಹೋದವರನ್ನು ಅಲ್ಲಿಂದಲೇ ಬಂಧನ ಕೇಂದ್ರಕ್ಕೆ ಕರೆದೊಯ್ಯುವ ಸಾಧ್ಯತೆ ಇರುವುದರಿಂದ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ವಲಸೆ ಬಂಧನಕ್ಕೆ ಶಾಸನಬದ್ಧ ಕಾಲಮಿತಿಯೂ ಇಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಸಾಲಿಸಿಟರ್, ಮನೆಯ ಇಬ್ಬರು, ಕಳುಹಿಸಿದ ಸಂಸ್ಥೆ, ಇವರ ದೂರವಾಣಿ ಸಂಖ್ಯೆ, ದಿನನಿತ್ಯದ ಔಷಧಿಗಳ ಹೆಸರು ಬರೆದು ಜೇಬಿನಲ್ಲಿಡಬೇಕು, ಅದೇ ಹಾಳೆ ಮನೆಯಲ್ಲೂ ಇರಬೇಕು. ಒಬ್ಬರು ಜೊತೆಗೆ ಹೋಗಿ ಬಾಗಿಲ ಹೊರಗೆ ಕಾಯಬೇಕು. ಇಂತಿಷ್ಟು ಹೊತ್ತಿಗೆ ಹೊರಬರದಿದ್ದರೆ ಯಾರು ಯಾರಿಗೆ ಫೋನು ಮಾಡಬೇಕೆಂಬುದು ಮೊದಲೇ ನಿಗದಿಯಾಗಿರಬೇಕು. ಬಂಧನವಾದರೆ ಜಾಮೀನಿನ ಅರ್ಜಿಯಲ್ಲಿ ನಿಮ್ಮ ಮನೆಯ ವಿಳಾಸವನ್ನು ಕೊಡಲು ಒಪ್ಪಿಗೆಯಿದೆಯೇ ಎಂಬುದನ್ನೂ ಮೊದಲ ಹಂತದ ಚಹಾದ ಹೊತ್ತಿನಲ್ಲೇ ಕೇಳಿಕೊಂಡಿರಬೇಕಿತ್ತು.

ಆರನೆಯ ಹಂತ: ಪ್ರಾರ್ಥನೆ, ದೀಕ್ಷಾಸ್ನಾನ, ಸಾಕ್ಷಿ

ಕ್ರೈಸ್ತ ಮನೆಗೇ ವಿಶಿಷ್ಟವಾದ ತೊಡಕು ಇದು. ಬೆಳಗಿನ ಪ್ರಾರ್ಥನೆಗೆ ಬರುವುದು ಅತಿಥಿಗೆ ಕಡ್ಡಾಯವಲ್ಲ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಸಾಲದು, ಬಾರದ ದಿನ ಯಾರ ಮುಖವೂ ಬದಲಾಗಬಾರದು. ಮಲಗುವ ಜಾಗ ನಿಮ್ಮ ಕೈಯಲ್ಲಿದೆ, ಅವರ ಕೈಯಲ್ಲಿ ಏನೂ ಇಲ್ಲ. ಇಂಥ ಅಸಮಾನತೆಯ ನಡುವೆ ನೀಡಿದ ಸುವಾರ್ತೆ ಒತ್ತಾಯದಿಂದ ಬೇರೆಯಾಗಿ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯ ಕೆಲವರು ಇದನ್ನು ಒಪ್ಪುತ್ತಿರಲಿಲ್ಲ.

ಆದರೂ ಅತಿಥಿಗಳಲ್ಲಿ ಕೆಲವರು, ಹೆಚ್ಚಾಗಿ ಇರಾನಿನವರು, ತಾವಾಗಿಯೇ ಚರ್ಚಿಗೆ ಬಂದು ದೀಕ್ಷಾಸ್ನಾನ ಕೇಳುತ್ತಾರೆ. ಮತಾಂತರಗೊಂಡವರು ಇರಾನಿಗೆ ಮರಳಿದರೆ ಶಿಕ್ಷೆಗೆ ಗುರಿಯಾಗಬಹುದಾದ್ದರಿಂದ ಅದು ಪ್ರಕರಣದ ತಿರುಳಾಗಬಹುದು, ಆಗ ನೀವು ಸಾಕ್ಷಿಗಳಾಗುತ್ತೀರಿ. ಟ್ರಿಬ್ಯೂನಲ್ಲುಗಳಲ್ಲಿ ಇಂಥವರಿಗೆ ಡೊರೋಡಿಯನ್ ಸಾಕ್ಷಿ ಎಂಬ ಹೆಸರೇ ಇದೆ, 2001ರ ಒಂದು ಇರಾನಿ ಪ್ರಕರಣದಿಂದ ಬಂದದ್ದು. ಚರ್ಚಿನ ಪಾದ್ರಿಯೇ ಖುದ್ದಾಗಿ ಬಂದು ಹೇಳಬೇಕೆಂಬ ನಿರೀಕ್ಷೆ ಆ ತೀರ್ಪಿನಿಂದ ಬೆಳೆಯಿತು. ಸ್ಕಾಟ್ಲೆಂಡಿನ ಕೋರ್ಟ್ ಆಫ್ ಸೆಷನ್ 2018ರಲ್ಲಿ, ಪಾದ್ರಿಗಳಲ್ಲದ ಸಭೆಯ ಸದಸ್ಯರು ತಾವು ಕಣ್ಣಾರೆ ಕಂಡದ್ದರ ಆಧಾರದ ಮೇಲೆ ನುಡಿಯುವ ಸಾಕ್ಷಿಗೂ ಬೆಲೆಯಿದೆ ಎಂದಿತು. 2024ರ ಆರಂಭದಲ್ಲಿ ಲಂಡನ್ನಿನ ಕ್ಲಾಪಮ್‌ನಲ್ಲಿ ನಡೆದ ರಾಸಾಯನಿಕ ದಾಳಿಯ ಶಂಕಿತನು ಕ್ರೈಸ್ತನಾಗಿ ಮತಾಂತರಗೊಂಡು ಆಶ್ರಯ ಪಡೆದವನಾಗಿದ್ದುದರಿಂದ, ಚರ್ಚುಗಳು ಸುಳ್ಳು ಮತಾಂತರಕ್ಕೆ ಮುದ್ರೆಯೊತ್ತುತ್ತಿವೆ ಎಂಬ ಆರೋಪ ಸಂಸತ್ತಿನವರೆಗೂ ಹೋಯಿತು. ಅಂದರೆ ನಿಮ್ಮ ಪತ್ರವನ್ನು ಓದುವವರು ಸಂಶಯದಿಂದಲೇ ಓದುತ್ತಾರೆ.

ಆದ್ದರಿಂದ ಪತ್ರದಲ್ಲಿ ವಿಶೇಷಣಗಳನ್ನು ಬಿಟ್ಟು ಕಂಡದ್ದನ್ನು ಬರೆಯಿರಿ. ಯಾವ ತಿಂಗಳಿಂದ ಬರುತ್ತಿದ್ದಾರೆ, ಸುಮಾರು ಎಷ್ಟು ಭಾನುವಾರ ತಪ್ಪಿದೆ, ಬೈಬಲ್ ಅಧ್ಯಯನದಲ್ಲಿ ಯಾವ ಪ್ರಶ್ನೆ ಕೇಳಿದರು, ಯಾರ ಮನೆಗೆ ಕಾಯಿಲೆಯ ಸಮಯದಲ್ಲಿ ಸಾರು ಮಾಡಿಕೊಂಡು ಹೋದರು, ಇವೆಲ್ಲ ಪುರಾವೆ. ಇವರು ನಿಜವಾದ ಭಕ್ತರೆಂದು ದೇವರ ಮುಂದೆ ಪ್ರಮಾಣ ಮಾಡುತ್ತೇನೆ ಎಂಬುದು ಪುರಾವೆಯಲ್ಲ. ನಿಮಗೆ ಸಂಶಯವಿದ್ದರೆ ಪತ್ರ ಬರೆಯದಿರುವ ಸ್ವಾತಂತ್ರ್ಯ ನಿಮಗಿದೆ, ಆದರೆ ಪತ್ರ ಬರೆಯದ ಕಾರಣಕ್ಕೆ ಕೋಣೆ ಕಸಿಯುವ ಸ್ವಾತಂತ್ರ್ಯವಿಲ್ಲ. ದೀಕ್ಷಾಸ್ನಾನದ ನಿರ್ಧಾರವನ್ನು ಮನೆಯವರು ಕೈಗೆತ್ತಿಕೊಳ್ಳದೆ ಪಾದ್ರಿಗೆ ಬಿಡಬೇಕು, ಆ ಪಾದ್ರಿ ಉಳಿದೆಲ್ಲ ವಯಸ್ಕರಿಗೆ ಇಡುವ ತರಬೇತಿಯ ಅವಧಿಯನ್ನೇ ಇವರಿಗೂ ಇಡಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಏಳನೆಯ ಹಂತ: ಹಗಲು ಹೊತ್ತು

ಆಶ್ರಯಾರ್ಥಿಗಳಿಗೆ ಸಂಬಳದ ಕೆಲಸಕ್ಕೆ ಅನುಮತಿಯಿಲ್ಲ. ತಮ್ಮದಲ್ಲದ ತಪ್ಪಿನಿಂದ ತೀರ್ಮಾನ 12 ತಿಂಗಳು ಮೀರಿದರೆ ಅನುಮತಿ ಕೇಳಬಹುದು. ಸಿಕ್ಕರೂ 2025ರ ಆರಂಭದಲ್ಲಿ ಅದು, ಕೆಲಸಗಾರರ ಕೊರತೆಯಿರುವ ಉದ್ಯೋಗಗಳ ಸರಕಾರಿ ಪಟ್ಟಿಯಾಗಿ 2024ರ ಏಪ್ರಿಲ್‌ನಲ್ಲಿ ಬಂದ ಇಮಿಗ್ರೇಷನ್ ಸ್ಯಾಲರಿ ಲಿಸ್ಟ್‌ನಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು. ದತ್ತಿ ಸಂಸ್ಥೆಗಳಲ್ಲಿ ಸ್ವಯಂಸೇವೆಗೆ ಅಡ್ಡಿಯಿಲ್ಲ. ನಾವು ಕಂಡಂತೆ, ಇಂಗ್ಲಿಷ್ ತರಗತಿ ವಾರಕ್ಕೆ ಎರಡು ದಿನ, ದತ್ತಿ ಅಂಗಡಿಯಲ್ಲಿ ಒಂದು ದಿನ, ಮನೆಯ ಅಡುಗೆಯ ಪಾಳಿ ಒಂದು ದಿನ ಇದ್ದರೆ ಉಳಿದ ಮೂರು ದಿನಗಳನ್ನು ತಳ್ಳಬಹುದು. ಅಡುಗೆಯ ಪಾಳಿಯಿಂದ ಅವರನ್ನು ದಯೆಯಿಂದ ಬಿಡಿಸಬೇಡಿ. ಬಡಿಸುವ ದಿನ ಮಾತ್ರ ಅವರು ಆ ಮನೆಯಲ್ಲಿ ಅತಿಥಿಯಲ್ಲ.

ಕೈಖರ್ಚಿಗೆ ಹಣ ಕೊಡುವುದಾದರೆ ಮನೆಯ ಡಬ್ಬಿಯಿಂದ, ನಿಗದಿತ ದಿನ, ನಿಗದಿತ ಮೊತ್ತ ಕೊಡಬೇಕು. ಒಬ್ಬೊಬ್ಬರು ಗುಟ್ಟಾಗಿ ಕೊಡುವುದು ಮನೆಯನ್ನು ಒಡೆಯುತ್ತದೆ.

ಎಂಟನೆಯ ಹಂತ: ತೀರ್ಮಾನ ಬಂದ ಮೇಲೆ

ಮಂಜೂರಾದರೆ ಅಂದೇ ಸಂತೋಷಪಡಿ, ಮರುದಿನ ಬೆಳಿಗ್ಗೆ ಇ-ವೀಸಾ ಖಾತೆ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಬ್ಯಾಂಕ್ ಖಾತೆ, ಯೂನಿವರ್ಸಲ್ ಕ್ರೆಡಿಟ್, ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿನ ವಸತಿ ವಿಭಾಗ, ಈ ಸರದಿಯಲ್ಲಿ ಕೆಲಸ ಹಿಡಿಯಿರಿ. ತಿರಸ್ಕಾರವಾದರೆ ಮೊದಲು ಗಡುವಿನ ತಾರೀಕು ಬರೆದುಕೊಳ್ಳಿ, ಆಮೇಲೆ ಅಳುವುದು. ಮೇಲ್ಮನವಿಯೂ ಸೋತರೆ, ಹೊಸ ಪುರಾವೆಯಿದ್ದಾಗ ವಲಸೆ ನಿಯಮಗಳ 353ನೆಯ ಪ್ಯಾರಾದಡಿ ಮತ್ತೆ ಸಲ್ಲಿಸುವ ದಾರಿಯಿದೆ. ಪುರಾವೆ ಹೊಸದೇ ಎಂಬುದನ್ನು ಹೇಳಬೇಕಾದವರು ಸಾಲಿಸಿಟರ್. ಹೆಚ್ಚಿನ ಮನೆಗಳು ದಣಿಯುವುದು ಈ ಘಟ್ಟದಲ್ಲಿ. ದಣಿವನ್ನು ಮುಚ್ಚಿಡದೆ ಕಳುಹಿಸಿದ ಸಂಸ್ಥೆಗೆ ಒಂದು ತಿಂಗಳು ಮುಂಚಿತವಾಗಿ ತಿಳಿಸಿದರೆ ಅವರು ಬೇರೆ ಮನೆ ನೋಡುತ್ತಾರೆ. ಕೊನೆಯ ವಾರದಲ್ಲಿ ಹೇಳಿದರೆ ಯಾರಿಂದಲೂ ಏನೂ ಆಗದು.

ಅತಿಥಿ ಹೋದ ಮೇಲೆ ಕೋಣೆಯನ್ನು ಒಂದು ತಿಂಗಳಾದರೂ ಖಾಲಿ ಬಿಡಿ. ಗೋಡೆಗೆ ಬಣ್ಣ ಬೇಕಿರುತ್ತದೆ, ಮನೆಯವರಿಗೆ ತಮ್ಮತಮ್ಮೊಳಗೆ ಜಗಳವಾಡಿ ಮುಗಿಸಲು ಬಿಡುವು ಬೇಕಿರುತ್ತದೆ. ಹಳೆಯ ಕೀಲಿಕೈಯನ್ನು ಹಿಂದಕ್ಕೆ ಕೇಳಬೇಕೇ ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತವಿರಲಿಲ್ಲ. ಕೇಳಿದವರು ಕೆಲವರು, ಬೀಗವನ್ನೇ ಬದಲಿಸಿದವರು ಕೆಲವರು. ಅವರ ಹೆಸರಿನ ಲಕೋಟೆಗಳು ಮಾತ್ರ ಇನ್ನೂ ಒಂದು ವರ್ಷ ಬರುತ್ತಲೇ ಇರುತ್ತವೆ, ಆಸ್ಪತ್ರೆಯಿಂದ, ಕೌನ್ಸಿಲ್ಲಿನಿಂದ, ಕೆಲವೊಮ್ಮೆ ಹೋಮ್ ಆಫೀಸಿನಿಂದಲೇ. ಆದ್ದರಿಂದ ಹೊರಡುವ ದಿನ ಹೊಸ ವಿಳಾಸವನ್ನು ಬರೆಸಿಕೊಂಡು ಬಾಗಿಲ ಬಳಿಯ ಬುಟ್ಟಿಗೆ ಅಂಟಿಸಿಡಿ, ಪಕ್ಕದಲ್ಲಿ ಹತ್ತು ಅಂಚೆಚೀಟಿ ಇಡಿ.